ಸಾಲ ತೀರುವಳಿಯ ಕರಾರೋ, ನ್ಯಾಯಾಲಯದ ದಾವೆಯೋ: ಬಾಕಿದಾರರು ಯಾವುದನ್ನು, ಯಾವಾಗ ಆರಿಸಿಕೊಳ್ಳಬೇಕು

ಗಂಗಾವತಿಯ ವಕೀಲರೊಬ್ಬರ ಕಚೇರಿಯಲ್ಲಿ ಹದಿನೇಳು ವರ್ಷಗಳಿಂದ ಗುಮಾಸ್ತನಾಗಿರುವ ನನ್ನ ಮೇಜಿನ ಮುಂದೆ ಬಂದು ಕೂರುವವರಲ್ಲಿ ಅರ್ಧಕ್ಕರ್ಧ ಮಂದಿ ಕೇಳುವ ಪ್ರಶ್ನೆ ಒಂದೇ: “ಅಣ್ಣಾರ, ಬಾಂಡ್ ಬರದು ಕೊಟ್ಟು ಮುಗಿಸ್ಲ್ಯಾ, ಇಲ್ಲಾ ಕೋರ್ಟಿಗೆ ಹಾಕ್ಲಿ ಅಂತ ಸುಮ್ನಿರ್ಲ್ಯಾ?” ಕಾರಟಗಿ ಕಡೆಯ ಭತ್ತದ ರೈತರು, ಕನಕಗಿರಿಯ ಕಿರಾಣಿ ಅಂಗಡಿಯವರು, ಲಾರಿಯ ಕಂತು ಕಟ್ಟಲಾಗದೆ ಬಳ್ಳಾರಿಯಿಂದ ಊರಿಗೆ ಮರಳಿದ ಚಾಲಕರು, ಗುಂಪು ಸಾಲದ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ತರುವ ಹೆಣ್ಣುಮಕ್ಕಳು, ಹೀಗೆ ಕೇಳುವವರು ಬೇರೆ ಬೇರೆಯಾದರೂ ಪ್ರಶ್ನೆಯ ಹಿಂದಿರುವ ಭಯ ಮಾತ್ರ ಒಂದೇ ಬಗೆಯದು. ನಾನು ಕಂಡ ಮಟ್ಟಿಗೆ ಇವರಲ್ಲಿ ಹೆಚ್ಚಿನವರು ಹಣ ಕಳೆದುಕೊಂಡದ್ದು ದಾವೆಯಲ್ಲಿ ಸೋತು ಅಲ್ಲ. ಕೆಲವರು ದಾವೆಗೆ ಹೆದರಿ ಓದದೆ ಸಹಿ ಹಾಕಿದ ಕರಾರಿನಿಂದ ಕಳೆದುಕೊಂಡರು, ಇನ್ನು ಕೆಲವರು ಸಮನ್ಸ್ ಬಂದ ಮೇಲೂ ಮನೆಯಲ್ಲೇ ಕುಳಿತು ಕಳೆದುಕೊಂಡರು. ಎರಡು ದಾರಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ಕಾನೂನಿನ ಸಾಮಾನ್ಯ ನಿಯಮಗಳನ್ನು ಇಲ್ಲಿ ಹೇಳಬಹುದೇ ಹೊರತು, ನಿಮ್ಮ ಕಾಗದಪತ್ರಗಳನ್ನು ಓದಿದ ವಕೀಲರ ಮಾತಿಗೆ ಇದು ಬದಲಾಗುವುದಿಲ್ಲ.

ಮೊದಲು, ಕೊಟ್ಟವರು ಯಾರು?

ಆಯ್ಕೆಯ ಪ್ರಶ್ನೆ ಏಳುವುದಕ್ಕೆ ಮೊದಲೇ ಸಾಲ ಕೊಟ್ಟವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಎಲ್ಲರೂ ಒಂದೇ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಬ್ಯಾಂಕಿನ ಬಾಕಿ ₹20 ಲಕ್ಷ ದಾಟಿದ್ದರೆ ಅದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ನಮ್ಮ ಸಿವಿಲ್ ನ್ಯಾಯಾಲಯಕ್ಕೇ ಬರುತ್ತದೆ. ಪತ್ತಿನ ಸಹಕಾರ ಸಂಘದ ಸಾಲವಾದರೆ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಆ ವಿವಾದ ಸಹಕಾರ ಇಲಾಖೆಯ ಅಧಿಕಾರಿಯ ಮುಂದೆಯೇ ನಡೆಯುತ್ತದೆ, ಮತ್ತು ಅಲ್ಲಿಂದ ಬರುವ ತೀರ್ಪು ನ್ಯಾಯಾಲಯದ ಡಿಕ್ರಿಯಷ್ಟೇ, ಅಂದರೆ ದಾವೆಯ ಕೊನೆಗೆ ಬರುವ ಜಾರಿ ಮಾಡಬಹುದಾದ ಆದೇಶದಷ್ಟೇ, ಗಟ್ಟಿಯಾಗಿರುತ್ತದೆ. “ಇದು ಕೋರ್ಟ್ ಅಲ್ಲವಲ್ಲ, ಸಂಘದ ನೋಟಿಸ್ ತಾನೆ” ಎಂದು ಮೂಲೆಗೆಸೆದವರ ಹೊಲದ ಮೇಲೆ ಜಪ್ತಿ ಬಂದದ್ದನ್ನು ನಾನು ನೋಡಿದ್ದೇನೆ.

ಟ್ರ್ಯಾಕ್ಟರು, ಲಾರಿಗಳಿಗೆ ಸಾಲ ಕೊಡುವ ಹಣಕಾಸು ಕಂಪನಿಗಳು ಸಾಮಾನ್ಯವಾಗಿ ದಾವೆಯನ್ನೇ ಹೂಡುವುದಿಲ್ಲ. ಸಾಲದ ಕರಾರಿನ ಕೊನೆಯ ಪುಟಗಳಲ್ಲೆಲ್ಲೋ ಇರುವ ಮಧ್ಯಸ್ಥಿಕೆಯ ಷರತ್ತನ್ನು ಹಿಡಿದು ದೂರದ ಮಹಾನಗರದಲ್ಲಿ ಕುಳಿತ ಮಧ್ಯಸ್ಥಗಾರರಿಂದ ಆದೇಶ ಪಡೆಯುತ್ತವೆ. ಕಂಪನಿ ತಾನೊಂದೇ ಮಧ್ಯಸ್ಥಗಾರರನ್ನು ನೇಮಿಸಿಕೊಳ್ಳುವಂತಿಲ್ಲವೆಂಬ ತತ್ವವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿದೆ. ಆದರೆ ಆ ಆಕ್ಷೇಪವನ್ನು ಎತ್ತಬೇಕಾದವರು ನೀವು, ಅದೂ ಆದೇಶದ ಪ್ರತಿ ಕೈಸೇರಿದ ಮೂರು ತಿಂಗಳೊಳಗೆ. ಇನ್ನು ಮನೆಯನ್ನು ಅಡವಿಟ್ಟ ಬ್ಯಾಂಕ್ ಸಾಲದಲ್ಲಿ “ದಾವೆ ಹಾಕಲಿ, ನೋಡೋಣ” ಎಂದು ಕಾಯುವ ಅವಕಾಶವೇ ಇರುವುದಿಲ್ಲ. 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು ಬ್ಯಾಂಕು ದಾವೆಯಿಲ್ಲದೆ ಸ್ವಾಧೀನಕ್ಕೆ ಹೊರಡಬಹುದು. ಕೃಷಿಭೂಮಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದೊಂದೇ ರೈತರಿಗೆ ಸಮಾಧಾನ.

ಉಳಿದದ್ದು ಕೈಸಾಲ, ದಲಾಲಿ ಅಂಗಡಿಯ ಮುಂಗಡ, ಬಡ್ಡಿ ವ್ಯವಹಾರದವರ ಸಾಲ. ಇಲ್ಲಿ ಕೊಟ್ಟವರಿಗೆ ಲೇವಾದೇವಿಯ ಪರವಾನಗಿ ಇದೆಯೇ ಎಂಬುದೇ ದೊಡ್ಡ ಪ್ರಶ್ನೆ. 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯ ಪ್ರಕಾರ, ಬಡ್ಡಿ ವ್ಯವಹಾರವನ್ನೇ ಕಸುಬಾಗಿಸಿಕೊಂಡವರು ಸಾಲ ಕೊಟ್ಟ ಕಾಲದಲ್ಲಿ ಪರವಾನಗಿ ಹೊಂದಿರದಿದ್ದರೆ, ಅಂಥ ಸಾಲದ ಮೇಲಿನ ದಾವೆಯಲ್ಲಿ ಡಿಕ್ರಿ ಪಡೆಯುವುದು ಸುಲಭವಲ್ಲ. ಪರವಾನಗಿ ಇದ್ದವರಿಗೂ ಅಡವಿನ ಸಾಲಕ್ಕೆ ವರ್ಷಕ್ಕೆ ಶೇ. 14, ಅಡವಿಲ್ಲದ ಸಾಲಕ್ಕೆ ಶೇ. 16 ಎಂಬ ಬಡ್ಡಿಯ ಮಿತಿ ಇದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂಬ ನಮ್ಮ ಕಡೆಯ ವಾಡಿಕೆ ವರ್ಷಕ್ಕೆ ಶೇ. 36 ಆಗುತ್ತದೆಂಬುದನ್ನು ಮರೆಯಬಾರದು. 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯ್ದೆಯಾಗಿ ಬಂದ ಕಿರುಸಾಲ ಮತ್ತು ಸಣ್ಣ ಸಾಲಗಳ ಕಾನೂನು, ನೋಂದಣಿಯಿಲ್ಲದೆ ದುರ್ಬಲ ವರ್ಗದವರಿಗೆ ಸಾಲ ಕೊಟ್ಟು ಬಲವಂತದಿಂದ ವಸೂಲಿ ಮಾಡುವವರಿಗೆ ಹತ್ತು ವರ್ಷಗಳವರೆಗೆ ಜೈಲು ಮತ್ತು ₹5 ಲಕ್ಷದವರೆಗೆ ದಂಡವನ್ನು ವಿಧಿಸುತ್ತದೆ. ಅದೇ ಕಾನೂನನ್ನು ಹಿಡಿದು “ಸಾಲವೆಲ್ಲ ಮನ್ನಾ ಆಯಿತು” ಎಂದು ಬ್ಯಾಂಕಿಗೂ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಹಣಕಾಸು ಕಂಪನಿಗೂ ಹೇಳಲು ಹೊರಟವರು ಮಾತ್ರ ನಿರಾಶರಾಗಿದ್ದಾರೆ.

ಬಾಂಡ್ ಪೇಪರಿನ ಕರಾರು ಏನು ಮಾಡುತ್ತದೆ?

ಕಳೆದ ವರ್ಷ ಬೇಸಿಗೆಯಲ್ಲಿ ಹಿರಿಯರೊಬ್ಬರು ಗೊಬ್ಬರದ ಚೀಲದ ಒಳಪೊರೆಯಲ್ಲಿ ಸುತ್ತಿದ ಕಾಗದವೊಂದನ್ನು ತಂದು ನನ್ನ ಮುಂದಿಟ್ಟರು. 2022ರ ಜೂನ್‌ನಲ್ಲಿ ಅವರು ಒಬ್ಬರಿಂದ ₹1,00,000 ಪಡೆದು ಪ್ರೋನೋಟು (ಹಣ ಮರಳಿಸುತ್ತೇನೆಂಬ ಸಹಿ ಮಾಡಿದ ವಾಗ್ದಾನ ಪತ್ರ) ಬರೆದುಕೊಟ್ಟಿದ್ದರು. ಬಡ್ಡಿ ನೂರಕ್ಕೆ ಮೂರು. ನಡುವೆ ಒಂದು ರೂಪಾಯಿಯೂ ಕಟ್ಟಿರಲಿಲ್ಲ. 2025ರ ಮೇ ತಿಂಗಳಲ್ಲಿ ಸಾಲಗಾರ (ನಮ್ಮ ಕಡೆಯ ಮಾತಿನಲ್ಲಿ ಸಾಲ ಕೊಟ್ಟವನು, ಮುಂದೆಯೂ ಇದೇ ಅರ್ಥ) ಮನೆಗೆ ಬಂದು, “ಕೋರ್ಟು ಗೀರ್ಟು ಯಾಕ ಕಾಕಾ, ಒಂದು ಬಾಂಡ್ ಮಾಡ್ಕೊಳ್ಳೂಣು, ಕಂತಿನ್ಯಾಗ ಕೊಡ್ರಿ” ಎಂದು ಒಳ್ಳೆಯ ಮಾತಿನಲ್ಲೇ ಸಹಿ ಮಾಡಿಸಿಕೊಂಡಿದ್ದ. ಆ ಬಾಂಡಿನ ಎರಡನೇ ಸಾಲು ಹೀಗಿತ್ತು: “ನನ್ನ ಗೃಹಕೃತ್ಯದ ಅಡಚಣೆಗಾಗಿ ನಿಮ್ಮಿಂದ ಕೈಸಾಲವಾಗಿ ಪಡೆದ ಅಸಲು ರೂ. 2,05,000 ಬಾಕಿ ಇರುವುದು ನಿಜ.”

ಈ ಒಂದೇ ಸಾಲು ಮೂರು ಕೆಲಸಗಳನ್ನು ಮಾಡಿ ಮುಗಿಸಿತ್ತು. ಮೊದಲನೆಯದಾಗಿ, ಮೂವತ್ತೈದು ತಿಂಗಳ ಬಡ್ಡಿಯಾದ ₹1,05,000 ಅಸಲಿನೊಳಗೆ ಸೇರಿ ಮಾಯವಾಗಿತ್ತು. ಇನ್ನು ಮುಂದೆ ಅದರ ಮೇಲೂ ಬಡ್ಡಿ ಓಡುತ್ತದೆ. ಎರಡನೆಯದಾಗಿ, ಮೂಲ ಸಾಲದ ಬಡ್ಡಿ ಎಷ್ಟಿತ್ತೆಂದು ತೋರಿಸುವ ಗುರುತೇ ಅಳಿಸಿಹೋಗಿತ್ತು. ಶೇ. 16ರ ಲೆಕ್ಕದಲ್ಲಿ ಅದೇ ಮೂವತ್ತೈದು ತಿಂಗಳಿಗೆ ಬಡ್ಡಿ ₹46,667 ಆಗುತ್ತಿತ್ತು, ಅಂದರೆ ಆ ಹಿರಿಯರು ಒಂದು ಸಹಿಯಿಂದ ₹58,000ಕ್ಕೂ ಹೆಚ್ಚು ಹೊರೆಯನ್ನು ತಾವಾಗಿ ಹೊತ್ತುಕೊಂಡಿದ್ದರು. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಕೇಳಿದಾಗ ಕೊಡಬೇಕಾದ ಪ್ರೋನೋಟಿನ ಮೇಲೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ಅದು 2025ರ ಜೂನ್‌ನಲ್ಲಿ ಮುಗಿಯುತ್ತಿತ್ತು. ಮುಗಿಯುವ ಒಂದು ತಿಂಗಳ ಮೊದಲು ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿಕೊಂಡದ್ದರಿಂದ, 1963ರ ಕಾಲಪರಿಮಿತಿ ಕಾಯ್ದೆಯ 18ನೇ ಕಲಮಿನ ಪ್ರಕಾರ ಹೊಸದಾಗಿ ಮೂರು ವರ್ಷ ಶುರುವಾಯಿತು. ಸಾಲಗಾರ ಆ ಮೇ ತಿಂಗಳಲ್ಲೇ ಏಕೆ ಅಷ್ಟು ಸಲಿಗೆಯಿಂದ ಬಂದನೆಂಬುದು ಆಗ ಹಿರಿಯರಿಗೆ ಹೊಳೆಯಿತು. ಕಾಲಮಿತಿ ಮುಗಿದ ಮೇಲೆ ಬರೆದುಕೊಟ್ಟರೆ ಏನೂ ಆಗದೆಂದು ತಿಳಿಯುವುದೂ ತಪ್ಪು. ಕರಾರು ಕಾಯ್ದೆಯ 25(3)ನೇ ಕಲಮು, ಅವಧಿ ಮೀರಿದ ಸಾಲವನ್ನು ಕೊಡುತ್ತೇನೆಂದು ಬರೆದು ಸಹಿ ಮಾಡಿದ ವಾಗ್ದಾನಕ್ಕೂ ಜೀವ ಕೊಡುತ್ತದೆ.

ಹೀಗೆಂದ ಮಾತ್ರಕ್ಕೆ ನಾನು ಹೊರಗಿನ ಕರಾರಿನ ವಿರೋಧಿಯಲ್ಲ. ಬಾಕಿ ಹೊಸದು, ಲೆಕ್ಕದಲ್ಲಿ ತಕರಾರಿಲ್ಲ, ಆದಾಯ ನಿಂತಿಲ್ಲ, ಬರಿಯ ಉಸಿರಾಡಲು ಆರು ತಿಂಗಳು ಬೇಕು ಎನ್ನುವವರಿಗೆ ಅದು ದಾವೆಗಿಂತ ಎಷ್ಟೋ ಅಗ್ಗ. ವಕೀಲರ ಶುಲ್ಕವಿಲ್ಲ, ವಾಯಿದೆಗೆ ಹೋಗಿಬರುವ ಬಸ್ಸಿನ ಖರ್ಚಿಲ್ಲ, ಊರಲ್ಲಿ ಮಾತಾಗುವುದಿಲ್ಲ. ಆದರೆ ಕರಾರಿನಲ್ಲಿ ಮೂಲ ಸಾಲದ ದಿನಾಂಕ, ಅಸಲು, ಬಡ್ಡಿ, ಈವರೆಗೆ ಕಟ್ಟಿದ ಮೊತ್ತ ಇವೆಲ್ಲ ಬೇರೆ ಬೇರೆ ಸಾಲುಗಳಲ್ಲಿ ಬರಬೇಕು. ಇಂದಿನಿಂದ ಬಡ್ಡಿ ನಿಲ್ಲುತ್ತದೆಯೋ, ಓಡುತ್ತದೆಯೋ ಎಂಬುದು ಸ್ಪಷ್ಟವಾಗಿರಬೇಕು. ಹಳೆಯ ಪ್ರೋನೋಟು ಮತ್ತು ಚೆಕ್ಕುಗಳನ್ನು ಈ ಕರಾರಿನ ದಿನವೇ ಮರಳಿಸಲಾಗಿದೆ ಎಂದು ಬರೆಸದಿದ್ದರೆ ಒಂದೇ ಸಾಲಕ್ಕೆ ಎರಡು ಕಾಗದಗಳು ಸಾಲಗಾರನ ಪೆಟ್ಟಿಗೆಯಲ್ಲಿ ಉಳಿಯುತ್ತವೆ.

ಕಂತಿನ ವಿಷಯದಲ್ಲಿ ನಮ್ಮ ಭಾಗದವರು ಮಾಡುವ ತಪ್ಪೊಂದಿದೆ: ವರ್ಷಕ್ಕೆ ಎರಡು ಸಲ ಹಣ ಕಾಣುವವರು ತಿಂಗಳ ಕಂತಿಗೆ ಒಪ್ಪುತ್ತಾರೆ. ಮೊದಲ ಬೆಳೆಯ ಭತ್ತ ಮಾರುವ ಹೊತ್ತಿಗೊಂದು, ಎರಡನೇ ಬೆಳೆಗೊಂದು ಎಂದು ಕಂತನ್ನು ಕಟ್ಟಿಸಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗಿನಿಂದ, ಕಾಲುವೆಗೆ ನೀರು ಬಾರದ ಹಂಗಾಮಿನ ಕಂತು ಮುಂದಿನ ಹಂಗಾಮಿಗೆ ಹೋಗತಕ್ಕದ್ದು ಎಂಬ ಸಾಲನ್ನು ನಾನು ಕೇಳದೆಯೇ ಟೈಪು ಮಾಡುತ್ತೇನೆ; ಬೇಡವೆನ್ನುವವರು ತೆಗೆಸಿಕೊಳ್ಳಲಿ. “ಒಂದು ಕಂತು ತಪ್ಪಿದರೂ ರಿಯಾಯಿತಿ ರದ್ದು” ಎಂಬ ಷರತ್ತಿನ ಜಾಗದಲ್ಲಿ “ಸತತ ಎರಡು ಕಂತು ತಪ್ಪಿ, ಲಿಖಿತ ನೋಟಿಸ್ ಕೊಟ್ಟು ಮೂವತ್ತು ದಿನ ಕಳೆದರೆ” ಎಂದು ಬರೆಸಲು ಹೆಚ್ಚಿನ ಸಾಲಗಾರರು ಒಪ್ಪುತ್ತಾರೆ, ಕೇಳಿದರೆ.

ಒಂದೇ ಕಂತಿನ ತೀರುವಳಿ

ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಕೊಡುವ ಒನ್ ಟೈಮ್ ಸೆಟಲ್‌ಮೆಂಟ್‌ನಲ್ಲಿ ರಿಯಾಯಿತಿ ನಿಜವಾಗಿಯೂ ದೊಡ್ಡದಿರುತ್ತದೆ, ಆದರೆ ಗಡುವು ಚಿಕ್ಕದು. ಇಲ್ಲಿ ಎಚ್ಚರಿಕೆ ಬೇಕಾದದ್ದು ಮೂರು ಕಡೆ. ಮನೆಗೆ ಬರುವ ವಸೂಲಿ ಏಜೆಂಟನಿಗೆ ಬಾಕಿಯನ್ನು ಕಡಿಮೆ ಮಾಡುವ ಅಧಿಕಾರವಿರುವುದಿಲ್ಲ; ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಸಾಲದ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕೊನೆಯ ದಿನಾಂಕ ಬರೆದ ಪತ್ರ ಬರುವ ತನಕ ಹಣ ಕೊಡಬಾರದು, ಬಂದ ಮೇಲೂ ಸಾಲದ ಖಾತೆಗೇ ಕಟ್ಟಬೇಕು, ಅವನ ಫೋನ್‌ಪೇಗಲ್ಲ. ಎರಡನೆಯದಾಗಿ, ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಈ ಖಾತೆಯ ಮುಂದೆ ‘ಕ್ಲೋಸ್ಡ್’ ಎಂದಿರದೆ ‘ಸೆಟಲ್ಡ್’ ಎಂದು ಬೀಳುತ್ತದೆ. ರಿಸರ್ವ್ ಬ್ಯಾಂಕಿನ 2023ರ ಜೂನ್ ತಿಂಗಳ ಸುತ್ತೋಲೆಯ ಪ್ರಕಾರ, ಹೀಗೆ ರಾಜಿಯಾದವರಿಗೆ ಅದೇ ಸಂಸ್ಥೆ ಕೃಷಿಯೇತರ ಹೊಸ ಸಾಲ ಕೊಡಬೇಕಾದರೆ ಕನಿಷ್ಠ ಹನ್ನೆರಡು ತಿಂಗಳು ಕಳೆಯಬೇಕು. ಕೃಷಿ ಸಾಲಕ್ಕೆ ಎಷ್ಟು ಕಾಲವೆಂಬುದನ್ನು ಆಯಾ ಸಂಸ್ಥೆಯೇ ನಿರ್ಧರಿಸುತ್ತದೆ. ಮುಂದಿನ ಮುಂಗಾರಿಗೆ ಬೆಳೆ ಸಾಲ ಬೇಕೇಬೇಕು ಎನ್ನುವವರು ಇದನ್ನು ವ್ಯವಸ್ಥಾಪಕರ ಬಳಿ ಮೊದಲೇ ಕೇಳಿ ತಿಳಿಯಬೇಕು.

ಮೂರನೆಯದು ಆ ಹಣ ಎಲ್ಲಿಂದ ಬರುತ್ತದೆ ಎಂಬುದು. ₹1,50,000 ಕಟ್ಟಿ ಮುಗಿಸಲು ನೂರಕ್ಕೆ ಮೂರರಂತೆ ಕೈಸಾಲ ತಂದವರು ತಿಂಗಳಿಗೆ ₹4,500, ವರ್ಷಕ್ಕೆ ₹54,000 ಬಡ್ಡಿ ಕೊಡುತ್ತಾರೆ. ಅದೇ ₹1,50,000 ಅಸಲಿಗೆ ನ್ಯಾಯಾಲಯದಲ್ಲಿ ಡಿಕ್ರಿಯಾಗಿದ್ದರೆ, ವ್ಯಾಪಾರದ ಸಾಲವಲ್ಲದಿದ್ದಲ್ಲಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೇ ಕಲಮಿನ ಪ್ರಕಾರ ಡಿಕ್ರಿಯ ನಂತರದ ಬಡ್ಡಿ ಶೇ. 6ನ್ನು ಮೀರುವಂತಿಲ್ಲ, ಅದು ವರ್ಷಕ್ಕೆ ₹9,000. ಬ್ಯಾಂಕಿನ ಬೆಂಕಿಯಿಂದ ತಪ್ಪಿಸಿಕೊಳ್ಳಲು ಬಡ್ಡಿಯವರ ಬಾಣಲೆಗೆ ಬಿದ್ದವರ ಕಥೆಗಳು ಸಿಂಧನೂರು, ಮಾನ್ವಿ, ಸಿರುಗುಪ್ಪಗಳ ಯಾವ ವಕೀಲರ ಕಚೇರಿಯಲ್ಲಿ ಕೇಳಿದರೂ ಸಿಗುತ್ತವೆ. ಮಾರಬಹುದಾದ ನಿವೇಶನವಿದ್ದರೆ, ಕೈಯಲ್ಲಿ ಬೆಳೆಯ ಹಣವಿದ್ದರೆ, ಅಣ್ಣತಮ್ಮಂದಿರು ಬಡ್ಡಿಯಿಲ್ಲದೆ ಕೊಟ್ಟರೆ ಮಾತ್ರ ಒಂದೇ ಕಂತಿನ ತೀರುವಳಿ ಲಾಭದ್ದು.

ದಾವೆ ಬಂದರೆ ನಿಜವಾಗಿ ಏನಾಗುತ್ತದೆ?

ಮೊದಲು ಬಂದದ್ದು ದಾವೆಯೇ ಹೌದೇ ಎಂದು ನೋಡಬೇಕು. ವಾಟ್ಸಾಪ್‌ನಲ್ಲಿ ಬರುವ, ತಕ್ಕಡಿಯ ಚಿತ್ರವಿರುವ, ಕೆಂಪಕ್ಷರದ ‘ಅಂತಿಮ ಎಚ್ಚರಿಕೆ’ ನ್ಯಾಯಾಲಯದ್ದಲ್ಲ. ವಕೀಲರ ನೋಟಿಸೂ ದಾವೆಯಲ್ಲ, ಅದು ದಾವೆಯ ಮುನ್ಸೂಚನೆ ಅಷ್ಟೆ. ನಿಜವಾದ ಸಮನ್ಸ್‌ನಲ್ಲಿ ನ್ಯಾಯಾಲಯದ ಮೊಹರು, ಮೂಲದಾವೆಯ ಸಂಖ್ಯೆ ಮತ್ತು ವರ್ಷ, ಹಾಜರಾಗಬೇಕಾದ ದಿನಾಂಕ ಇರುತ್ತವೆ, ಜೊತೆಗೆ ವಾದಪತ್ರದ ಪ್ರತಿ ಇರುತ್ತದೆ. ಅನುಮಾನವಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಬಹುದು. ಸಾಲ ಕಟ್ಟದಿರುವುದು ತಾನಾಗಿಯೇ ಅಪರಾಧವಲ್ಲ. “ನಾಳೆ ಪೊಲೀಸರು ಎತ್ತಾಕ್ಕೊಂಡು ಹೋಗ್ತಾರ” ಎಂಬುದು ಬರೀ ಬೆದರಿಕೆ. ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗೆಂದು ಕರೆ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಸಂಸ್ಥೆಗೆ ಲಿಖಿತ ದೂರು ಕೊಟ್ಟು ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು, ಸಹಾಯವಾಣಿ 14448.

ಸಮನ್ಸ್ ತಂದವರನ್ನು “ಮನೆಯಾಗಿಲ್ಲ ಅಂತ ಹೇಳು” ಎಂದು ಮಗುವಿನ ಕೈಲಿ ಕಳುಹಿಸುವುದು ಅತಿ ಕೆಟ್ಟ ಉಪಾಯ. ತೆಗೆದುಕೊಳ್ಳಲು ನಿರಾಕರಿಸಿದ ಲಕೋಟೆಯೂ ಜಾರಿಯಾದಂತೆಯೇ ಲೆಕ್ಕ. ಸಮನ್ಸ್ ಕೈಸೇರಿದ ಮೂವತ್ತು ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ತೋರಿಸಿದರೆ ನ್ಯಾಯಾಲಯ ಅದನ್ನು ತೊಂಬತ್ತು ದಿನಗಳವರೆಗೆ ವಿಸ್ತರಿಸಬಹುದು. ಹೋಗದಿದ್ದರೆ ಏಕಪಕ್ಷೀಯ ಡಿಕ್ರಿಯಾಗುತ್ತದೆ, ವಾದಿ ಕೇಳಿದ ಬಡ್ಡಿ, ದಂಡಬಡ್ಡಿ, ‘ಇತರೆ ವೆಚ್ಚ’ಗಳನ್ನು ಪ್ರಶ್ನಿಸುವವರೇ ಇರುವುದಿಲ್ಲ. ಆ ಡಿಕ್ರಿಯನ್ನು ರದ್ದುಪಡಿಸಿರೆಂದು ಕೋರಲು ಇರುವುದು ಮೂವತ್ತು ದಿನ, ಅದನ್ನು ಜಾರಿಗೊಳಿಸಲು ಸಾಲಗಾರನಿಗಿರುವುದು ಹನ್ನೆರಡು ವರ್ಷ. ಹೋಗಿ ಎದುರಿಸಿದವರಿಗೆ ಕೆಲವು ಸಲ ಏನೂ ಸಿಗುವುದಿಲ್ಲ, ಕೆಲವು ಸಲ ಬಹಳ ಸಿಗುತ್ತದೆ: ಕಾಲಮಿತಿ ಮೀರಿದ ದಾವೆ ವಜಾ ಆಗುತ್ತದೆ, ಕಟ್ಟಿದ ಕಂತುಗಳು ಲೆಕ್ಕಕ್ಕೆ ಬರುತ್ತವೆ, ದಂಡಬಡ್ಡಿ ಕಳೆಯುತ್ತದೆ, ಡಿಕ್ರಿಯ ಮೊತ್ತವನ್ನೇ ಕಂತಿನಲ್ಲಿ ಕಟ್ಟಲು ನ್ಯಾಯಾಲಯ ಅವಕಾಶ ಕೊಡಬಹುದು.

ಡಿಕ್ರಿ ಬಂದ ಮೇಲೆಯೂ ಎಲ್ಲವನ್ನೂ ಎತ್ತಿಕೊಂಡು ಹೋಗಲಾಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯಿದೆ. ಅಡುಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಗಳು ಬಿಟ್ಟುಕೊಡಲಾಗದ ಒಡವೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಜೀವನೋಪಾಯಕ್ಕೆ ಬೇಕಾದ ಎತ್ತು ಮತ್ತು ಬಿತ್ತನೆ ಬೀಜ, ರೈತ ತಾನೇ ವಾಸವಿರುವ ಮನೆ ಇವೆಲ್ಲ ಅದರಲ್ಲಿ ಬರುತ್ತವೆ. ಹೊಲ ಮಾತ್ರ ಆ ಪಟ್ಟಿಯಲ್ಲಿಲ್ಲ, ಅದನ್ನು ಜಪ್ತಿ ಮಾಡಬಹುದು. ಮನೆಯನ್ನು ನೀವೇ ಈ ಸಾಲಕ್ಕೆ ಅಡವಿಟ್ಟಿದ್ದರೆ ಅದಕ್ಕೂ ರಕ್ಷಣೆ ಸಿಗದು. ಶಕ್ತಿನಗರ, ಹಟ್ಟಿ, ತೋರಣಗಲ್ಲುಗಳಲ್ಲಿ ಸಂಬಳಕ್ಕಿರುವವರ ಲೆಕ್ಕ ಬೇರೆ. ಸಂಬಳದ ಮೊದಲ ₹1,000 ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ, ಅಂದರೆ ₹22,000 ಸಂಬಳವಿದ್ದರೆ ತಿಂಗಳಿಗೆ ₹7,000 ಕಡಿತವಾಗಬಹುದು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಗಂಡಸರನ್ನೂ ಬರೀ ಬಡತನದಿಂದ ಕಟ್ಟಲಾಗದ್ದಕ್ಕೆ ಸಿವಿಲ್ ಜೈಲಿಗೆ ಹಾಕಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಇದ್ದೂ ಮುಚ್ಚಿಟ್ಟವರ ಮಾತು ಬೇರೆ.

ಚೆಕ್ಕು ಕೊಟ್ಟಿದ್ದರೆ ಈ ತಕ್ಕಡಿಯೇ ವಾಲುತ್ತದೆ

ಮೇಲೆ ಹೇಳಿದ ಧೈರ್ಯವೆಲ್ಲ ಸಿವಿಲ್ ದಾವೆಗೆ ಸೇರಿದ್ದು. ಸಹಿ ಮಾಡಿದ ಖಾಲಿ ಚೆಕ್ಕು ಸಾಲಗಾರನ ಬಳಿಯಿದ್ದರೆ ಅವನು ದಾವೆಗೆ ಹೋಗುವುದೇ ಅಪರೂಪ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಚೆಕ್ ಬೌನ್ಸ್ ಪ್ರಕರಣ ಹಾಕುತ್ತಾನೆ. ಬ್ಯಾಂಕಿನಿಂದ ಚೆಕ್ಕು ಮರಳಿದ ಮೂವತ್ತು ದಿನಗಳಲ್ಲಿ ನೋಟಿಸ್, ನೋಟಿಸ್ ಮುಟ್ಟಿದ ಹದಿನೈದು ದಿನಗಳಲ್ಲಿ ನಿಮ್ಮಿಂದ ಹಣ, ಇಲ್ಲವಾದರೆ ಮುಂದಿನ ಒಂದು ತಿಂಗಳಲ್ಲಿ ಫಿರ್ಯಾದಿ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ವಿಚಾರಣೆಯ ನಡುವೆಯೇ ಶೇ. 20ರವರೆಗೆ ಮಧ್ಯಂತರ ಪರಿಹಾರ ಕಟ್ಟಲು ಹೇಳಬಹುದು. “ಖಾಲಿ ಚೆಕ್ಕಿನಲ್ಲಿ ಅವನೇ ಮೊತ್ತ ಬರೆದ” ಎಂಬ ವಾದವೊಂದರಿಂದಲೇ ಪಾರಾಗಲಾಗದು, ಸಹಿ ನಿಮ್ಮದೆಂದಾದರೆ ಕಾನೂನಿನ ಊಹೆ ಸಾಲಗಾರನ ಪರವಾಗಿಯೇ ಶುರುವಾಗುತ್ತದೆಂದು 2019ರ ತೀರ್ಪೊಂದು ಸ್ಪಷ್ಟಪಡಿಸಿದೆ. ಆದ್ದರಿಂದ ಚೆಕ್ಕು ಕೊಟ್ಟವರಿಗೆ ನನ್ನ ಸಲಹೆ ತಿರುಗುಮುರುಗಾಗುತ್ತದೆ: ಇವರು ಕಾಯಬಾರದು, ಆ ಹದಿನೈದು ದಿನಗಳೊಳಗೆ ರಾಜಿಯ ಮಾತು ಶುರು ಮಾಡಬೇಕು, ನೋಟಿಸಿಗೆ ವಕೀಲರ ಮೂಲಕ ಉತ್ತರವನ್ನೂ ಕೊಡಬೇಕು. ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ಮರಳಿದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಡಿ ಇಂಥದೇ ಪ್ರಕರಣವಾಗಬಹುದು.

ನಡುವಿನ ದಾರಿ: ದಾವೆಯೊಳಗಿನ ರಾಜಿ

ಕರಾರೋ ದಾವೆಯೋ ಎಂದು ಕೇಳುವವರಿಗೆ ಹೆಚ್ಚಾಗಿ ಗೊತ್ತಿರದ ಮೂರನೆಯ ದಾರಿಯೊಂದಿದೆ, ಮತ್ತು ನನ್ನ ಒಲವು ಅದರ ಕಡೆಗೇ. ದಾವೆ ಹಾಕಿಸಿಕೊಂಡು, ಹಾಜರಾಗಿ, ಲೆಕ್ಕದ ತಕರಾರನ್ನು ಲಿಖಿತ ಹೇಳಿಕೆಯಲ್ಲಿ ದಾಖಲಿಸಿ, ಆಮೇಲೆ ರಾಜಿಯಿಂದಲೇ ಪ್ರಕರಣ ಮುಗಿಸುವ ಲೋಕ ಅದಾಲತ್‌ನಲ್ಲಿ ರಾಜಿಯಾಗುವುದು. ಲೋಕ ಅದಾಲತ್‌ನ ತೀರ್ಪು ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ, ಮತ್ತು ವಾದಿ ಕಟ್ಟಿದ ನ್ಯಾಯಾಲಯ ಶುಲ್ಕ ಅವನಿಗೆ ಮರಳುತ್ತದೆ. ಕೊನೆಯ ಈ ಅಂಶವೇ ಮಾತುಕತೆಯಲ್ಲಿ ನಿಮ್ಮ ಕೈಯ ಅಸ್ತ್ರ. “ಫೀಜು ವಾಪಸ್ ಬರ್ತೈತಲ್ರಿ, ಅಷ್ಟಾದ್ರೂ ಇಳಸ್ರಿ” ಎಂದು ನಮ್ಮ ವಕೀಲರು ಪ್ರತಿ ಸಲವೂ ಶುರು ಮಾಡುವುದು ಅಲ್ಲಿಂದಲೇ. ಬಾಂಡ್ ಪೇಪರಿನ ಕರಾರಿನಲ್ಲಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಮುಚ್ಚಿಡಬಹುದು. ಇಲ್ಲಿ ವಾದಪತ್ರವೇ ಮುಂದಿರುವುದರಿಂದ ಅಸಲೆಷ್ಟು, ಬಡ್ಡಿಯೆಷ್ಟೆಂದು ಕಲಾಪ ನಡೆಸುವವರೇ ಕೇಳುತ್ತಾರೆ. ಕಟ್ಟಿದ ಕಂತಿಗೆ ನ್ಯಾಯಾಲಯದ ದಾಖಲೆಯೇ ರಸೀದಿಯಾಗುತ್ತದೆ. ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ಸಾಮಾನ್ಯವಾಗಿ ನಾಲ್ಕು ಸಲ ನಡೆಯುತ್ತದೆ, ದಾವೆ ಹೂಡುವ ಮೊದಲೇ ಬ್ಯಾಂಕುಗಳು ಬಾಕಿದಾರರನ್ನು ಅಲ್ಲಿಗೆ ಕರೆಸುವುದೂ ಉಂಟು.

ಇದಕ್ಕೊಂದು ಮುಳ್ಳಿದೆ. ಮೇಲ್ಮನವಿಯಿಲ್ಲದ ಕಾರಣ, ಆ ದಿನದ ಗದ್ದಲದಲ್ಲಿ ಒಪ್ಪಿದ ಕಂತನ್ನು ನಾಳೆ ಕಟ್ಟಲಾಗದಿದ್ದರೆ ಸಾಲಗಾರ ನೇರವಾಗಿ ಅಮಲ್ಜಾರಿ (ಡಿಕ್ರಿಯನ್ನು ಜಾರಿಗೊಳಿಸುವ) ಅರ್ಜಿ ಹಾಕುತ್ತಾನೆ, ಮತ್ತೆ ವಾದ ಮಾಡಲು ಏನೂ ಉಳಿದಿರುವುದಿಲ್ಲ. ಕಟ್ಟಬಲ್ಲ ಮೊತ್ತವನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಬೇಕು, ಅಲ್ಲಿ ಕುಳಿತು ಲೆಕ್ಕ ಹಾಕಬಾರದು. ವಕೀಲರಿಗೆ ಕೊಡಲು ಹಣವಿಲ್ಲವೆನ್ನುವವರು ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ತಮ್ಮ ಆದಾಯವೆಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು. ಸಹಾಯವಾಣಿ 15100.

ಯಾರಿಗೆ ಯಾವುದು

ಸಾಲ ಕಾಲಮಿತಿಯ ಅಂಚಿನಲ್ಲಿದ್ದರೆ, ಲೆಕ್ಕದಲ್ಲಿ ದೊಡ್ಡ ತಕರಾರಿದ್ದರೆ, ಅಥವಾ ಪರವಾನಗಿಯಿಲ್ಲದವರ ಬಡ್ಡಿ ಸಾಲವಾಗಿದ್ದರೆ, ಚೆಕ್ಕು ಕೊಟ್ಟಿಲ್ಲದ ಪಕ್ಷದಲ್ಲಿ ಹೊರಗೆ ಏನನ್ನೂ ಬರೆದುಕೊಡದೆ ದಾವೆಯನ್ನು ಎದುರಿಸುವುದೇ ಮೇಲು. ಬಾಕಿ ನಿಜವಾಗಿದ್ದು, ಸಾಲ ಕೊಟ್ಟದ್ದು ಬ್ಯಾಂಕಾಗಿದ್ದು, ಕೈಯಲ್ಲಿ ಬಡ್ಡಿಯಿಲ್ಲದ ಹಣವಿದ್ದರೆ ಒಂದೇ ಕಂತಿನ ತೀರುವಳಿ. ಮನೆ ಅಡವಿದ್ದರೆ 60 ದಿನಗಳ ನೋಟಿಸ್ ಬರುವ ಮೊದಲೇ ಮಾತುಕತೆ. ಬಾಕಿ ನಿಜ, ಹಣವಿಲ್ಲ, ಅಡವೂ ಇಲ್ಲ, ಚೆಕ್ಕೂ ಇಲ್ಲ ಎನ್ನುವ ಬಹುಪಾಲು ಜನರಿಗೆ ದಾವೆಯೊಳಗಿನ ರಾಜಿ. ಗುಂಪು ಸಾಲದ ಹೆಣ್ಣುಮಕ್ಕಳ ಮೇಲೆ ದಾವೆ ಬರುವುದು ಕಡಿಮೆ, ಒತ್ತಡ ಬರುವುದು ಜೊತೆಯ ಸದಸ್ಯೆಯರಿಂದ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಸ್ಥಳದಲ್ಲಿ. ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಇವರು ಶಾಖೆಗೇ ಹೋಗಿ ಕಂತಿನ ಮರುಹೊಂದಾಣಿಕೆಯನ್ನು ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು.

ಜಾಮೀನು ಹಾಕಿದವರ ಬಗ್ಗೆ ಒಂದು ಮಾತು. ಸಾಲ ಪಡೆದವರಷ್ಟೇ ಹೊಣೆ ಜಾಮೀನುದಾರರಿಗೂ ಇರುತ್ತದೆ, ಸಾಲಗಾರ ಮೊದಲು ಅವರ ಮೇಲೆಯೇ ಹೋಗಬಹುದು. ಆದರೆ ಅವರ ಒಪ್ಪಿಗೆಯಿಲ್ಲದೆ ಮೂಲ ಕರಾರಿನ ಷರತ್ತುಗಳನ್ನು ಬದಲಿಸಿದರೆ ಅವರು ಹೊಣೆಯಿಂದ ಬಿಡುಗಡೆಯಾಗುವ ಸಂದರ್ಭಗಳಿವೆ. ಹೊಸ ಕರಾರಿಗೆ “ಬರೀ ಸಾಕ್ಷಿ ಸಹಿ” ಎಂದು ಜಾಮೀನುದಾರರನ್ನು ಕರೆಸುವುದು ಇದೇ ಕಾರಣಕ್ಕೆ. ಸಹಿ ಹಾಕುವ ಜಾಗದ ಕೆಳಗೆ ಸಾಕ್ಷಿ ಎಂದಿದೆಯೋ, ಜಾಮೀನುದಾರ ಎಂದಿದೆಯೋ ಓದಿಕೊಳ್ಳಿ.

ಹಣ ಕಟ್ಟಿ ಮುಗಿದ ದಿನ ನಮ್ಮ ಕಚೇರಿಯಿಂದ ಹೊರಡುವವರಿಗೆ ನಾನೊಂದು ಚೀಟಿ ಬರೆದುಕೊಡುತ್ತೇನೆ. ಬೇಬಾಕಿ ಪತ್ರ, ಪ್ರೋನೋಟಿನ ಮೇಲೆ ‘ಚುಕ್ತಾ’ ಎಂದು ಬರೆದು ಸಾಲಗಾರನ ಸಹಿ, ಕೊಟ್ಟ ಚೆಕ್ಕುಗಳಷ್ಟೂ ಎಣಿಸಿ ವಾಪಸ್, ಅಡವಿಟ್ಟ ಮೂಲಪತ್ರಗಳು. ಈ ಕೊನೆಯದನ್ನು ಬ್ಯಾಂಕುಗಳು ಸಾಲ ತೀರಿದ ಮೂವತ್ತು ದಿನಗಳಲ್ಲಿ ಮರಳಿಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು. ಅಮಲ್ಜಾರಿ ನಡೆಯುತ್ತಿದ್ದರೆ ತೃಪ್ತಿಯನ್ನು ಅಲ್ಲಿಯೇ ದಾಖಲಿಸಬೇಕು. ಎಲ್ಲ ಆದ ಮೇಲೆ ಚೀಟಿಯ ಕೊನೆಯ ಸಾಲು: ಪಹಣಿಯಲ್ಲಿ ಏರಿದ ಬೋಜಾ (ಸಾಲದ ಹೊರೆಯ ನಮೂದು) ಇಳಿದಿದೆಯೇ ಎಂದು ತಿಂಗಳು ಬಿಟ್ಟು ಹೊಸ ಪಹಣಿ ತೆಗೆಸಿ ನೋಡುವುದು. ಗೊಬ್ಬರದ ಚೀಲದ ಹಿರಿಯರು ಈಗ ದಾವೆಯಲ್ಲಿ ಹಾಜರಾಗಿ, ಆ ₹2,05,000ದಲ್ಲಿ ಅಸಲೆಷ್ಟು ಬಡ್ಡಿಯೆಷ್ಟೆಂದು ವಾದಿಯನ್ನೇ ಕೇಳಿದ್ದಾರೆ. ಮುಂದಿನ ಲೋಕ ಅದಾಲತ್‌ಗೆ ಅವರ ಪ್ರಕರಣ ಪಟ್ಟಿಯಲ್ಲಿದೆ.